ನರವಾಸನೆ ಮುಚ್ಚುವ ಅತ್ತರು

ಹೋದ ವಾರ ವಿಮಾನ ನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟಿನ ಬಾಗಿಲು ತೆರೆದಾಗ ಒಳಗೆ ಯಾರೂ ಇರಲಿಲ್ಲ. ವಾಸನೆ ಮಾತ್ರ ಇತ್ತು. ಸಂಪಿಗೆ, ಅದರ ಬೆನ್ನಿಗೇ ಒದ್ದೆ ಲಾವಂಚದ ಬೇರು. ಯಾರೋ ಮೈಗೆ ಹಚ್ಚಿಕೊಂಡು ಈಗಷ್ಟೇ ಇಳಿದು ಹೋಗಿರಬೇಕು. ಒಳಗೆ ಕಾಲಿಡಲಾಗದೆ ತರಕಾರಿ ಚೀಲ ಹಿಡಿದುಕೊಂಡು ಮೆಟ್ಟಿಲು ಹತ್ತಿದೆ. ಮನೆಗೆ ಬಂದವಳು ಮೊದಲು ಹೋಗಿ ನೋಡಿದ್ದು ಗ್ಯಾಸು ಬಂದ್ ಆಗಿದೆಯೋ ಇಲ್ಲವೋ ಎಂದು.

ಮದುವೆಯಾದ ಹೊಸದರಲ್ಲಿ ನಾವು ತಳೇಗಾಂವದಲ್ಲಿದ್ದೆವು. ಒಂದೇ ಸಾಲಿಗೆ ಬಾಡಿಗೆ ಕೋಣೆಗಳು, ಮುಂದೆ ಎಲ್ಲರಿಗೂ ಸೇರಿ ಒಂದು ಉದ್ದನೆಯ ಕಟ್ಟೆ. ಸುತ್ತಮುತ್ತ ಎಲ್ಲಾ ಮರಾಠಿ. ಹಾಗಾಗಿ ಒಂದು ಮಧ್ಯಾಹ್ನ ಪಕ್ಕದ ಕೋಣೆಯಲ್ಲಿ ಯಾರೋ ಕನ್ನಡದಲ್ಲಿ ಮಗುವಿಗೆ ಕಥೆ ಹೇಳುವುದು ಕೇಳಿಸಿದಾಗ, ನಾನು ಕೈಯಲ್ಲಿನ ಸೌಟನ್ನೂ ಇಡದೆ ಹೊರಗೆ ಬಂದಿದ್ದೆ. ಅವರು ಯಾದಗಿರಿ ಕಡೆಯವರು, ನನಗಿಂತ ದೊಡ್ಡವರು. ವಿಜಯಪುರದ ನಮ್ಮ ಮನೆಯಲ್ಲಿ ಅಣ್ಣನ ಹೆಂಡತಿಯನ್ನು ವೈನಿ ಎನ್ನುತ್ತೇವೆ. ಅವರನ್ನೂ ಹಾಗೇ ಕರೆದೆ. ಅವರ ಪುಟ್ಟ ಮಗಳಿಗೆ ನಾನು ಅತ್ತಿಯಾದೆ.

ಆ ಕಥೆ ವೈನಿಗೆ ಅವರ ಅಜ್ಜಿ ಹೇಳಿದ್ದು. ದಾರಿ ತಪ್ಪಿದ ಹುಡುಗಿಯೊಬ್ಬಳು ರಾಕ್ಷಸನ ಮನೆ ಸೇರುತ್ತಾಳೆ. ರಾಕ್ಷಸನ ಮುದಿ ತಾಯಿಗೆ ಅವಳನ್ನು ನೋಡಿ ಕರುಳು ಚುರ್ ಅನ್ನುತ್ತದೆ. ದವನ, ಲಾವಂಚ, ಸಂಪಿಗೆ ಕೂಡಿಸಿ ಮಾಡಿದ ಅತ್ತರನ್ನು ಹುಡುಗಿಯ ಮೈಗೆಲ್ಲ ಹಚ್ಚುತ್ತಾಳೆ. ರಾಕ್ಷಸ ಬಂದು ನರವಾಸನೆ ಹುಡುಕುತ್ತ ಮನೆಯೆಲ್ಲ ಮೂಸುತ್ತಾನೆ. ಹುಡುಗಿಯ ಪಕ್ಕದಲ್ಲೇ ನಿಂತರೂ ಅವನಿಗೆ ಅವಳು ಸಿಗುವುದಿಲ್ಲ…

"ಯವ್ವಾ, ಆ ಅತ್ತರದ ವಾಸನಿ ಹ್ಯಾಂಗಿತ್ತು?" ಎಂದು ಮಗಳು ದಿನಾ ಕೇಳುತ್ತಿದ್ದಳು.

"ತಡಿ, ಮಾಡೇ ತೋರಸ್ತೀನಿ" ಎಂದರು ವೈನಿ.

ನಿಜವಾಗಿಯೂ ಮಾಡಿದರು. ಗುಡಿ ಮುಂದೆ ಹೂ ಮಾರುವವಳಿಂದ ಸಂಪಿಗೆ ತಂದು, ಎಸಳು ಬಿಡಿಸಿ ಎಳ್ಳೆಣ್ಣೆಯಲ್ಲಿ ಮುಳುಗಿಸಿ ಕಟ್ಟೆಯ ಬಿಸಿಲಿಗಿಟ್ಟರು. ಎಸಳು ಕಪ್ಪಾದ ಹಾಗೆ ಸೋಸಿ ಹೊಸ ಹೂ ಹಾಕಿದರು. ಲಾವಂಚದ ಬೇರು ಜಜ್ಜಿ, ದವನ ಹಿಸುಕಿ, ಅದೇ ಎಣ್ಣೆಯಲ್ಲಿ ಸಣ್ಣ ಉರಿಗೆ ಕಾಯಿಸಿದರು. ಖಾಲಿ ಔಷಧಿ ಬಾಟಲಿಗೆ ತುಂಬಿ ನನ್ನ ಮಣಿಕಟ್ಟಿಗೂ ಒಂದು ಹನಿ ಹಚ್ಚಿದರು. ಅಷ್ಟು ಹಿತವಾದ ಪರಿಮಳವನ್ನು ನಾನು ಆಮೇಲೆ ಕಂಡಿಲ್ಲ. ಮಗಳು ಅದನ್ನು ಹಚ್ಚಿಕೊಂಡು ಬಾಗಿಲ ಹಿಂದೆ ಅಡಗುತ್ತಿದ್ದಳು. ವೈನಿ ರಾಕ್ಷಸನಾಗಿ ಮೂಗು ಅರಳಿಸಿ ಹುಡುಕುತ್ತಿದ್ದರು.

ಅದೇ ವರ್ಷದ ಮಳೆಗಾಲದಲ್ಲಿ ವೈನಿ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಸೇರಿದರು. ಜಿಡ್ಡು ಹತ್ತಿದ ಕಬ್ಬಿಣದ ಬಿಡಿಭಾಗಗಳನ್ನು ಥಿನ್ನರಿನಂಥ ಎಂಥದೋ ದ್ರವದಲ್ಲಿ ಅದ್ದಿ ಒರೆಸುವುದು. ಕಿಟಕಿಯಿಲ್ಲದ ಕೋಣೆ. ಸಂಜೆ ಬಂದಾಗ ಅವರ ಕಣ್ಣು ಕೆಂಪಗಿರುತ್ತಿತ್ತು.

ಅತ್ತರು ಮಾಡುವುದನ್ನು ಮಾತ್ರ ಬಿಡಲಿಲ್ಲ. ಆದರೆ ಒಂದೊಂದು ಸಲಕ್ಕೂ ಅದು ಘಾಟಾಗುತ್ತ ಹೋಯಿತು. ಹೂ ಇಮ್ಮಡಿಯಾಯಿತು, ಕರ್ಪೂರ ಬಿತ್ತು, ಸಂತೆಯ ಅಗ್ಗದ ಸೆಂಟೂ ಸೇರಿತು. ಇಡೀ ಕಟ್ಟೆ ತಲೆ ಸುತ್ತುವಷ್ಟು ಘಮ್ಮೆನ್ನುತ್ತಿತ್ತು. ನೆರೆಯವರು ಮೂಗು ಮುಚ್ಚಿಕೊಂಡು ಗೊಣಗುತ್ತಿದ್ದರು. ವೈನಿ ಮಾತ್ರ ಬಾಟಲಿಯನ್ನು ಮೂಗಿಗೆ ಒತ್ತಿ ಹಿಡಿದು, "ಈ ಸಲದ ಹೂವಿನಾಗ ಸತ್ವನೇ ಇಲ್ಲ ನೋಡು ತಂಗಿ" ಎನ್ನುತ್ತಿದ್ದರು. ನನಗೆ ಯಾಕೋ ಭಯವಾಗತೊಡಗಿತ್ತು. ಏನೆಂದು ಮಾತ್ರ ತಿಳಿಯಲಿಲ್ಲ.

ಒಂದು ರಜೆಯ ದಿನ ಅವರ ಮನೆಗೆ ಹೋದರೆ, ಒಲೆಯ ಮೇಲೆ ಹಾಲು ಉಕ್ಕಿ ಪಾತ್ರೆಯ ತಳ ಕರಿ ಹಿಡಿದು ಹೊಗೆ ಏಳುತ್ತಿತ್ತು. ಒಲೆಗೆ ಬೆನ್ನು ಮಾಡಿ ಕೂತ ವೈನಿ ಗುನುಗುತ್ತ ಎಣ್ಣೆ ಸೋಸುತ್ತಿದ್ದರು.

"ವೈನಿ, ಹಾಲ್ರೀ!" ಎಂದು ಕೂಗಿದೆ. ತಿರುಗಿ ಹೊಗೆ ಕಂಡ ಮೇಲೆಯೇ ಅವರು ಬೆಚ್ಚಿದ್ದು.

ಒಲೆ ಆರಿಸಿ, ಅಲ್ಲೇ ಇದ್ದ ಬೆಳ್ಳುಳ್ಳಿ ಎಸಳೊಂದನ್ನು ಜಜ್ಜಿ, ಮುಷ್ಟಿಯಲ್ಲಿ ಮುಚ್ಚಿ ಅವರ ಮೂಗಿಗೆ ಹಿಡಿದೆ. "ಏನ ವಾಸನಿ ಬರ್ತದ ಹೇಳ್ರಿ."

ವೈನಿ ನನ್ನ ಕೈ ನೋಡಲಿಲ್ಲ, ಮುಖ ನೋಡಿದರು. "ಸಂಪಿಗಿ… ಅಲ್ಲೇನು?"

ನಾನು ಮುಷ್ಟಿ ಬಿಚ್ಚಿದೆ. ಅವರು ಬೆಳ್ಳುಳ್ಳಿಯನ್ನು ತಾವೇ ತೆಗೆದುಕೊಂಡು ಮತ್ತೆ ಮೂಸಿದರು.

"ಬಾಜೂಕ ಮಲಗಿದ ಮಗಳ ವಾಸನಿನೂ ಬರವಲ್ದು ತಂಗಿ. ಆ ರಾಕ್ಷಸನ ಗತಿ ನಂದಾತು. ಯಾರಿಗೂ ಹೇಳಬ್ಯಾಡ, ಕೆಲಸದಿಂದ ತಗೀತಾರ."

ಅವರ ಗಂಡನಿಗೆ ಅವತ್ತೇ ಹೇಳಿದೆ. ಒಳ್ಳೆಯ ಮನುಷ್ಯ, ಮರುದಿನವೇ ಡಾಕ್ಟರಿಗೆ ತೋರಿಸಿದರು. ಆ ಕೆಲಸ ಬಿಡಲೇಬೇಕು, ವಾಸನೆ ಮರಳಿ ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದರಂತೆ ಡಾಕ್ಟರು. "ದೀಪಾವಳಿ ಮುಗೀಲಿ, ಬಿಡ್ತೀನಿ" ಎಂದು ವೈನಿ ಹಟ ಹಿಡಿದರು. ಅಲ್ಲಿಯವರೆಗೆ ನಾವೊಂದು ನೇಮ ಮಾಡಿಕೊಂಡೆವು. ಅವರು ಒಲೆ ಹೊತ್ತಿಸುವ ಮೊದಲು ನನ್ನನ್ನು ಕರೆಯಬೇಕು. ನಾನು ಹೋಗಿ ಗ್ಯಾಸು ಸೋರಿದೆಯೋ ಎಂದು ಮೂಸಿ, ಹೂಂ ಎಂದ ಮೇಲೆಯೇ ಕಡ್ಡಿ ಗೀರಬೇಕು.

ಹಬ್ಬ ಹತ್ತಿರ ಬಂದಿತ್ತು. ಅವತ್ತು ವೈನಿಗೆ ರಜೆ. ಹಬ್ಬದ ತಿಂಡಿಗೆ ಕೂತಿದ್ದರಿಂದ ಮಗಳನ್ನು ಶಾಲೆಯಿಂದ ಕರೆತರಲು ನನ್ನನ್ನು ಕಳಿಸಿದರು. "ನೀವಿಬ್ರೂ ಬರೂತನಕ ಒಲಿ ಹಚ್ಚಂಗಿಲ್ಲ, ಹೋಗಿ ಬಾ" ಎಂದು ನಕ್ಕಿದ್ದರು.

ನಮ್ಮ ಗಲ್ಲಿಯ ತಿರುವಿಗೆ ಬಂದಾಗ ಮಗು ನಿಂತುಬಿಟ್ಟಿತು. "ಅತ್ತಿ, ಏನೋ ಸುಟ್ಟ ವಾಸನಿ."

ನನಗಿನ್ನೂ ಬಂದಿರಲಿಲ್ಲ. ಆಮೇಲೆ ಜನ ಓಡುವುದು ಕಂಡಿತು. ಸೆರಗಿನಿಂದ ಮಗುವಿನ ಮುಖ ಮುಚ್ಚಿ ಹೊಟ್ಟೆಗೆ ಅವಚಿಕೊಂಡೆ…

ಸೋರಿ ತುಂಬಿದ್ದ ಗ್ಯಾಸಿನಲ್ಲಿ ಮರೆತು ಕಡ್ಡಿ ಗೀರಿದರೋ, ಅವಸರವಿತ್ತೋ, ದೇವರ ಮುಂದೆ ದೀಪ ಹಚ್ಚಲು ಹೋದರೋ, ಇವತ್ತಿಗೂ ಗೊತ್ತಿಲ್ಲ. ಆಚೆ ಕೋಣೆಯ ಮರಾಠಿ ಅಜ್ಜಿ ಅಳುತ್ತ ಒಂದೇ ಮಾತು ಹೇಳುತ್ತಿದ್ದರು. ಕೆಟ್ಟ ವಾಸನೆ ಬಂದಿತ್ತಂತೆ, ಅವಳೇ ಮತ್ತೆ ಹೊಸದೇನೋ ಕುದಿಸುತ್ತಿದ್ದಾಳೆ ಎಂದು ಎಲ್ಲರೂ ಸುಮ್ಮನಿದ್ದರಂತೆ. ವೈನಿ ಆಸ್ಪತ್ರೆಯಲ್ಲಿ ಎರಡು ದಿನ ಇದ್ದರು. ಏನಾಯಿತೆಂದು ಹೇಳದೆಯೇ ತೀರಿಹೋದರು.

ಮಗಳನ್ನು ಶಿರೂರಿನಲ್ಲಿದ್ದ ಸಂಬಂಧಿಕರ ಮನೆಗೆ ಕಳಿಸಿದರು. ಅವ್ವನಿಗೆ ವಾಸನೆ ಹೋಗಿದ್ದ ಸಂಗತಿ ಬೇಡ, ಅಪಘಾತ ಎಂದಷ್ಟೇ ಅವಳಿಗೆ ಗೊತ್ತಿರಲಿ ಎಂದು ಅವಳಪ್ಪ ಕೈಮುಗಿದು ಕೇಳಿಕೊಂಡಿದ್ದರು. ಅವಳೀಗ ಬೆಳೆದಿದ್ದಾಳೆ. ಆಗಾಗ ಫೋನ್ ಮಾಡುತ್ತಾಳೆ. ದನಿ ಥೇಟ್ ವೈನಿಯದೇ.

ಇವತ್ತು ಸಂಜೆ ಮಾಡಿದ್ದಳು. ಖುಷಿಯಲ್ಲಿದ್ದಳು.

"ಅತ್ತಿ, ಕೆಲಸ ಸಿಕ್ಕೇತ್ರಿ. ತಳೇಗಾಂವದಾಗ. ಬಂದು ತಿಂಗಳಾತು, ಹೇಳೂದೇ ಆಗಿರಲಿಲ್ಲ."

"ಏನ್ ಕೆಲಸ ಯವ್ವಾ?"

"ಪಾರ್ಟ್ ತೊಳಿಯೂದ್ರಿ. ಮೊದಲ ಮೊದಲ ಆ ಲಿಕ್ವಿಡ್ ಭಾಳ ಘಾಟ ಬಡೀತಿತ್ತು, ತಲಿ ನೋಯ್ತಿತ್ತು. ಈಗ ಏನೂ ವಾಸನಿ ಗೊತ್ತಾಗಂಗಿಲ್ಲ. ರೂಢಿ ಆಗೇದ."

ನಾಳೆ ಕೆಲಸಕ್ಕೆ ಹೋಗಬೇಡ, ನಾನು ಬರುತ್ತೇನೆ ಎಂದೆ. ಯಾಕೆ ಎಂದು ಕೇಳಿದಳು.

ಬೆಳಿಗ್ಗೆ ಶಿವಾಜಿನಗರದಿಂದ ತಳೇಗಾಂವಕ್ಕೆ ಮೊದಲ ಲೋಕಲ್ ರೈಲು ಹಿಡಿಯುತ್ತೇನೆ. ವೈನಿಯನ್ನು ಉಳಿಸಿಕೊಳ್ಳಲಾಗಲಿಲ್ಲ. ಅವಳಪ್ಪ ಬೇಡವೆಂದ ಮಾತನ್ನು ಈಗ ನಾನೇ ಅವಳ ಎದುರು ಕೂತು ಹೇಳಬೇಕು.