ಹದಿನಾಲ್ಕು ವರ್ಷದ ಮಾ

ಕಲ್ಕತ್ತದಲ್ಲಿ ಅಪ್ಪಂದಿರು ಮಗಳನ್ನು ‘ಮಾ’ ಎಂದು ಕರೆಯುತ್ತಾರೆ. ನಮ್ಮ ಉಡುಪಿ ಕಡೆಯೂ ಹೆಣ್ಣುಮಕ್ಕಳನ್ನು ‘ಅಮ್ಮಾ’ ಎನ್ನುವುದುಂಟು. ಹಾಗಾಗಿ ನನ್ನ ಮಗಳನ್ನೂ ಹಾಗೆ ಕರೆಯುವುದು ಸಲೀಸಾಗಿ ಬಾಯಿಗೆ ಹತ್ತಿತು. ಹೆಂಡತಿ ತೀರಿಕೊಂಡು ಎರಡು ವರ್ಷವಾದಾಗ ನನ್ನ ಚಿಂತೆಯ ಚಾಳಿ ಮಿತಿಮೀರಿ, ಜಾದವ್‌ಪುರದ ಆಪ್ತಸಮಾಲೋಚಕಿಯೊಬ್ಬರ ಎದುರು ಹೋಗಿ ಕೂತೆ. ಅಲ್ಲೂ ಹೋಟೆಲಿನಲ್ಲಿ ಕಲಿತ ನನ್ನ ಹರುಕು ಬಂಗಾಳಿಯಲ್ಲಿ ಅದೇ ಮಾತು: ಮಾ ಬಿಪಿ ಮಾತ್ರೆ ಕೊಡುತ್ತಾಳೆ, ಎದೆ ಡವಗುಟ್ಟಿದರೆ ಮಾ ಪಕ್ಕದಲ್ಲಿ ಕೂರುತ್ತಾಳೆ, ಊಟ ಬಿಟ್ಟರೆ ಮಾ ಬಯ್ಯುತ್ತಾಳೆ.

ಮೂರನೆಯ ಭೇಟಿಯಲ್ಲಿ ಆಕೆ ಮರುಕದಿಂದ ಕೇಳಿದರು: “ನಿಮ್ಮ ತಾಯಿಗೆ ಈಗ ಎಷ್ಟು ವಯಸ್ಸು?”

“ಹದಿನಾಲ್ಕು.”

ಆಕೆ ಪೆನ್ನು ಕೆಳಗಿಟ್ಟರು. ನಾನು ನಕ್ಕೆ, ಆಕೆ ನಗಲಿಲ್ಲ. “ಮಗುವಿಗೆ ತಾಯಿಯ ಕೆಲಸ ಕೊಟ್ಟಿದ್ದೀರಿ. ಮೊದಲು ಈ ಮಾ ಅನ್ನುವುದನ್ನು ಬಿಡಿ.”

“ಅದು ಮಾತ್ರ ಆಗುವುದಿಲ್ಲ,” ಎಂದೆ. ಡಾಕ್ಟರುಗಳ ಎದುರು ಜೀವಮಾನವಿಡೀ ತಲೆಯಾಡಿಸಿದವನಿಗೆ ಆ ಧೈರ್ಯ ಎಲ್ಲಿಂದ ಬಂತೋ! ಈ ಊರಿನ ತರಕಾರಿಯವನೂ ಅವಳನ್ನು ಮಾ ಅನ್ನುತ್ತಾನೆ, ಆಟೋದವನೂ ಅನ್ನುತ್ತಾನೆ. ಅವರ್ಯಾರೂ ಅವಳ ಕೈಯಿಂದ ಮಾತ್ರೆ ನುಂಗುವುದಿಲ್ಲ. ತಪ್ಪು ಪದದ್ದಲ್ಲ, ನನ್ನದು. ಪದ ಇರಲಿ, ಕೆಲಸ ವಾಪಸ್.

ಮನೆಗೆ ಬಂದವನೇ ಶಾಲೆಯ ಶಿಬಿರದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆ. ನನಗೋಸ್ಕರವೇ ಅವಳು ಬೇಡವೆಂದಿದ್ದ ಶಿಬಿರ. ಐದು ದಿನ ಸುಂದರಬನ: ಹುಲಿ, ಮೊಸಳೆ, ದೋಣಿ. ಚಿಂತೆ ಮಾಡುವವನಿಗೆ ಬೇಕಾದದ್ದೆಲ್ಲ ಇತ್ತು.

“ಐ ಟೋಲ್ಡ್ ಯೂ, ನಾನು ಹೋಗುದಿಲ್ಲ. ನಿಮ್ಮನ್ನು ಯಾರು ನೋಡ್ತಾರೆ?”

“ನಾನೇ ನೋಡ್ಕೊಳ್ತೇನೆ ಮಾರಾಯ್ತಿ. ಅಪ್ಪ ನಾನಾ, ನೀನಾ?”

“ಎದೆ ಡವಡವ ಆದ್ರೆ?”

“ಆಗ್ಲಿ. ಸ್ವಲ್ಪ ಹೊತ್ತು ಕೂತ್ರೆ ನಿಲ್ತದೆ.”

“ಅಂದ್ರೆ ನಾನು ಬೇಡ ನಿಮ್ಗೆ?”

ಎರಡು ವರ್ಷ ನನ್ನನ್ನು ಕಾಯುವುದನ್ನು ಬಿಟ್ಟು ಬೇರೇನೂ ಅವಳಿಗೆ ಉಳಿಸಿರಲಿಲ್ಲ ಈ ಮಹಾಶಯ.

“ನೀನು ಬೇಕು ಮಾ. ನಿನ್ನ ನರ್ಸಿಂಗ್ ಬೇಡ.”

“ಯು ಆರ್ ಇಂಪಾಸಿಬಲ್, ಅಪ್ಪಾ!”

ಕೋಣೆಗೆ ಹೋಗಿ ದಡಾರನೆ ಬಾಗಿಲು ಹಾಕಿಕೊಂಡಳು. ನನ್ನ ಎದೆಗೆ ಹೆದರಿ ಇಷ್ಟು ದಿನ ಒಂದು ಬಾಗಿಲನ್ನೂ ಜೋರಾಗಿ ಹಾಕಿರಲಿಲ್ಲ ಆ ಹುಡುಗಿ. ಹೋಗಿ ತಟ್ಟಲು ಕೈ ಚಡಪಡಿಸಿತು. ತಟ್ಟಲಿಲ್ಲ. ಡವಡವ ಶುರುವಾಯಿತು; ಆಗಲಿ ಎಂದುಕೊಂಡು ಇಬ್ಬರಿಗೂ ಅನ್ನಕ್ಕಿಟ್ಟೆ.