ಎದುರುಮನೆಯ ಒಂದು ಓಟು

ರಾಜ್ಯದಲ್ಲೆಲ್ಲ ಮಣ್ಣು ಮುಕ್ಕಿದ ಪಕ್ಷವನ್ನು ಮನೆಮನೆಯಿಂದ ಎತ್ತಿ ನಿಲ್ಲಿಸುತ್ತೇನೆಂದು ನಮ್ಮ ಎದುರುಮನೆ ಕಾರ್ಯಕರ್ತ ವರ್ಷವಿಡೀ ಬೀದಿ ಸುತ್ತುತ್ತಾನೆ. ಬಾಗಿಲು ತಟ್ಟಿ, ಚಪ್ಪಲಿ ಬಿಟ್ಟು, "ಓಟು ಆಮೇಲೆ ತಾಯಿ, ಮೊದಲು ನಿಮ್ಮ ಕಷ್ಟ ಹೇಳಿ" ಅನ್ನುತ್ತಾನೆ. ಬೊಗಳುವ ನಾಯಿಗೂ ಕೈ ಮುಗಿಯುತ್ತಾನೆ. ಈ ಸಲ ನಮ್ಮ ಬೂತಿನಲ್ಲಿ ಅವನ ಪಕ್ಷಕ್ಕೆ ಬಿದ್ದದ್ದು ಒಂದೇ ಒಂದು ಓಟು. ಅಯ್ಯೋ, ಅವನ ಮನೆಯಲ್ಲೇ ಗಂಡ ಹೆಂಡತಿ ಇಬ್ಬರಿದ್ದಾರಲ್ಲ! ಮರುದಿನ ಅವನು ಹೊರಗೆ ಬಂದು, ಬಾಗಿಲೆಳೆದು, ತಿರುಗಿ ನಿಂತು ತನ್ನ ಮನೆ ಬಾಗಿಲನ್ನೇ ತಟ್ಟಿದ. ಹೆಂಡತಿ ತೆರೆದಳು. ಚಪ್ಪಲಿ ಬಿಟ್ಟು, "ನಿನ್ನ ಕಷ್ಟ ಹೇಳು" ಅಂದ. ಬೈಯುತ್ತಾಳೆ ಅಂದುಕೊಂಡೆ. ಅವಳು ಸೆರಗಿಗೆ ಕೈ ಒರೆಸಿಕೊಂಡು, "ಒಳಗೆ ಬಂದು ಕೂತ್ಕೊಳ್ಳಿ, ಬೇಗ ಮುಗಿಯೋದಲ್ಲ" ಅಂದಳು.