ಹೊಂಗೆ ಮರಕ್ಕೆ ಎಲೆ ಅಡಿಕೆ

ಇವತ್ತು ಬೆಳಿಗ್ಗೆ ನಮ್ಮ ಮನೆಯವರು ಹಳೆಯ ಪ್ಯಾಂಟೊಂದನ್ನು ತಂದು ನನ್ನ ಹೊಲಿಗೆ ಮಿಷನ್ನಿನ ಮೇಲೆ ಹಾಕಿ, "ಇದ ಬಿಚ್ಚಿ ಸಂತೆ ಚೀಲ ಮಾಡ್ಬುಡು ಅಮ್ಮಿ, ಬಟ್ಟೆ ಗಟ್ಟಿಯಾಗದೆ" ಎಂದು ಹೇಳಿ ಹೊರಗೆ ಹೋದರು. ಬಟ್ಟೆ ಬಿಚ್ಚುವ ಮೊದಲು ಜೇಬು ತಿರುಗಿಸಿ ನೋಡುವುದು ಹೊಲಿಯುವವರ ಅಭ್ಯಾಸ. ಜನರ ಜೇಬುಗಳಲ್ಲಿ ನಾನು ಬಸ್ಸಿನ ಟಿಕೆಟು, ಬೀಡಿ ತುಂಡು, ಬಾಡಿದ ದೇವರ ಹೂವು ಎಲ್ಲವನ್ನೂ ಕಂಡಿದ್ದೇನೆ. ಈ ಜೇಬಿನಿಂದ ಉದುರಿದ್ದು ಮರದ ಹೊಟ್ಟು. ಹಲಸಿನ ಸಿಹಿ, ಬೇವಿನ ಕಹಿ, ಅದರ ಮೇಲೆ ಪೆಟ್ರೋಲಿಗೆ ಆಯಿಲ್ ಬೆರೆಸಿದ ಘಾಟು. ನೀವಾಗಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದಿರಿ. ನಾನು ಆ ಜೇಬಿಗೆ ಮುಖ ಇಟ್ಟು ಕೂತೆ. ಅಳು ಬಂತು, ಅತ್ತುಬಿಟ್ಟೆ.

ಅದು ಅವರು ಮರ ಹತ್ತುವಾಗ ಹಾಕಿಕೊಳ್ಳುತ್ತಿದ್ದ ಪ್ಯಾಂಟು. ಮಂಡಿಗೂ ತೊಡೆಯ ಒಳಗಡೆಗೂ ಎರಡೆರಡು ಪದರ ಬಟ್ಟೆ ಕೊಟ್ಟು ನಾನೇ ಹೊಲಿದದ್ದು. ಇನ್ನು ಅದು ಬೇಡವಂತೆ. ನಾಳೆ ನಮ್ಮ ಮನೆ ಮುಂದಿನ ಹೊಂಗೆ ಮರವನ್ನು ಬುಡಕ್ಕೇ ಕಡಿಯುವುದಿದೆ. ರಸ್ತೆ ಪಕ್ಕ ಚರಂಡಿ ಅಗಲವಾಗಬೇಕಂತೆ. ಕೆಲಸ ಹಿಡಿದ ಗುತ್ತಿಗೆಯವನು, ಹೇಗೂ ಮನೆ ಎದುರಿಗೇ ಇದೆಯಲ್ಲ ಎಂದು, ಕಡಿಯುವ ಕೆಲಸವನ್ನು ನಮಗೇ ಕೊಟ್ಟಿದ್ದಾನೆ. ಕಡಿಯುವವರು ನಮ್ಮ ಮನೆಯವರೇ. ಒಂದು ಕಾಲದಲ್ಲಿ ಹಸಿ ಮರದ ಬುಡಕ್ಕೆ ಗರಗಸ ಇಡುವುದಿಲ್ಲ ಎಂದು ಹಟ ಹಿಡಿದಿದ್ದ ಮನುಷ್ಯ.

ನಮ್ಮದು ಬಾಬುರಾಯನಕೊಪ್ಪಲು. ನಾನು ನಾಗಮಂಗಲದ ಕಡೆಯ ಹೆಣ್ಣು, ಮದುವೆಯಾಗಿ ಈ ನಾಲೆ ನೀರಿನ ಸೀಮೆಗೆ ಬಂದವಳು. ಮದುವೆಯ ಹೊಸದರಲ್ಲಿ ಇವರು ಕರೆಂಟು ತಂತಿಗೆ ತಾಗುವ ಕೊಂಬೆ ಕಡಿಯುವ ತಂಡವೊಂದರಲ್ಲಿ ಇದ್ದರು. ಆ ಕೆಲಸ ನೀವೂ ನೋಡಿರುತ್ತೀರಿ. ಮಚ್ಚು ಬೀಸಿದ್ದೇ ಬೀಸಿದ್ದು, ಮರ ಅರ್ಧ ತಲೆ ಬೋಳಿಸಿಕೊಂಡು ನಿಲ್ಲುತ್ತದೆ. ಇವರಿಗೆ ಅದು ಒಗ್ಗಲಿಲ್ಲ. ಬಿಟ್ಟು ಬಂದು ಸ್ವಂತ ಕೆಲಸ ಶುರು ಮಾಡಿದರು. ಹಳೆಯ ಗೂಡ್ಸ್ ಆಟೋದ ಹಿಂದೆ ನನ್ನ ಕೈಯಲ್ಲೇ ಬರೆಸಿದರು: "ಮರ ಸವರಲಾಗುವುದು. ಮರ ಕಡಿಯುವುದಿಲ್ಲ." ಅಕ್ಷರ ಒಂದು ಕಡೆ ವಾಲಿತ್ತು. ಓದಿದವರು ಮರಕ್ಕೆ ಕಟಿಂಗ್ ಶಾಪು ಇಟ್ಟವ್ನೆ ಎಂದು ನಕ್ಕರು. ಇವರೂ ನಕ್ಕು, "ಶೇವಿಂಗೂ ಮಾಡ್ತೀವಿ ಬನ್ನಿ" ಎನ್ನುತ್ತಿದ್ದರು.

ಸವರುವುದರಲ್ಲಿ ಇವರಿಗೊಂದು ಕ್ರಮ ಇತ್ತು. ಕೊಂಬೆಯ ಅಡಿಯಿಂದ ಮೊದಲು ಸ್ವಲ್ಪ ಕೊಯ್ದು, ಆಮೇಲೆ ಮೇಲಿನಿಂದ ಕೊಯ್ಯುವುದು. ಇಲ್ಲದಿದ್ದರೆ ಕೊಂಬೆ ಬೀಳುವಾಗ ಮರದ ತೊಗಟೆಯನ್ನೂ ಸಿಗಿದುಕೊಂಡು ಬರುತ್ತದೆ. ಅದಕ್ಕಿಂತ ದೊಡ್ಡ ಕ್ರಮ ಹಿಂದಿನ ದಿನದ ಸಂಜೆಯದು. ಇವರ ತಾತನ ಕಾಲದಿಂದ ಬಂದದ್ದು. ಮರ ಕಡಿಯುವವರು ಹಿಂದಿನ ಸಂಜೆ ಹೋಗಿ, ಬುಡಕ್ಕೆ ಎಲೆ ಅಡಿಕೆ ಇಟ್ಟು, ಕೊಡಲಿಯ ಹಿಂಬದಿಯಿಂದ ಮೆಲ್ಲಗೆ ತಟ್ಟಿ, "ಇಲ್ಲಿ ಇರೋರು ಬೇರೆ ಕಡೀಕೆ ಓಗ್ಬುಡ್ರಪ್ಪ, ನಾಳೆ ಬತ್ತೀವಿ" ಎಂದು ಹೇಳಿ ಬರಬೇಕು. ಇರುವವರು ಎಂದರೆ ಹಕ್ಕಿ, ಅಳಿಲು, ಹಾವು, ಕಣ್ಣಿಗೆ ಕಾಣದ ಇನ್ನೂ ಯಾರಾದರೂ ಇದ್ದರೆ ಅವರು. ನಮ್ಮವರು ಬರೀ ಕೊಂಬೆ ಸವರುವುದಕ್ಕೂ ಇದನ್ನು ಮಾಡುತ್ತಿದ್ದರು. ಒಂದು ತೆಂಗಿನ ಮರದ ಒಣಗರಿ ಬಿಚ್ಚಲು ಎರಡು ಸಲ ಪೆಟ್ರೋಲು ಸುಡುವ ಈ ಮನುಷ್ಯನನ್ನು ನಾನು ಬೈದದ್ದೂ ಉಂಟು. "ಯೋಳ್ದೆ ಕೇಳ್ದೆ ಯಾರ್ ಮನೆಗಾರ ನುಗ್ತೀಯಾ?" ಎನ್ನುವರು.

ಮೊದಲು ಹಗ್ಗ, ಮಚ್ಚು, ಕೈಗರಗಸ ಇಷ್ಟರಲ್ಲೇ ಕೆಲಸ ನಡೆಯುತ್ತಿತ್ತು. ಮಿಷನ್ ಗರಗಸ ಕೊಳ್ಳುವ ಮಾತು ಬಂದಾಗ ಆರಿಸುವ ಭಾರ ನನ್ನ ಮೇಲೆ ಬಿತ್ತು. ಮನೆಯಲ್ಲಿ ಮಿಷನ್ ಎಂದರೆ ನಾನೇ ತಾನೆ! ಮೈಸೂರಿನ ಅಂಗಡಿಯಲ್ಲಿ ಸಾಲಾಗಿ ಇಟ್ಟಿದ್ದ ಗರಗಸಗಳ ಮುಂದೆ ನಾನು ಹೊಲಿಗೆ ಮಿಷನ್ ನೋಡುವ ಗತ್ತಿನಲ್ಲೇ ನಿಂತೆ. ಶಬ್ದ ಕೇಳಿದೆ, ಚೈನು ಎಳೆದು ನೋಡಿದೆ, ಬಿಗಿ ಜಾಸ್ತಿಯಾಯಿತು ಎಂದೂ ಹೇಳಿಬಿಟ್ಟೆ. ಅಂಗಡಿಯವನು ಉದ್ದ ಪಟ್ಟಿಯ ದೊಡ್ಡದನ್ನು ಮುಂದಕ್ಕೆ ತಳ್ಳಿ, "ಎಂಥ ಮರ ಆದ್ರೂ ಒಂದೇ ಏಟಿಗೆ ಮಲಗುತ್ತೆ ಮೇಡಂ" ಎಂದ. ಇವರು ಅದರ ಕಡೆ ನೋಡಲೂ ಇಲ್ಲ. "ಮಲಗ್ಸೋದ್ ಬ್ಯಾಡ ಸ್ವಾಮಿ. ಮರದ್ ಮ್ಯಾಗ್ ನಿಂತ್ಕಂಡು ಹಿಡ್ಕಳೋವಂಥದ್ದು ಕೊಡಿ" ಎಂದರು. ಸಣ್ಣದು, ಹಗುರದ್ದು ತೆಗೆದುಕೊಂಡೆವು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದರು. ಪಕ್ಕದಲ್ಲಿ ಕೂತ ಹೆಂಗಸು ಮಗುವೇನೋ ಎಂದು ಬಗ್ಗಿ ನೋಡಿ ಹೌಹಾರಿದಳು.

ಆ ವರ್ಷದ ಆಯುಧಪೂಜೆಯಲ್ಲಿ ನನ್ನ ಭಕ್ತಿ ಸ್ವಲ್ಪ ಹೆಚ್ಚಾಯಿತು. ಹೊಸ ಮಿಷನ್ನಿಗೆ ಅರಿಸಿನ ಕುಂಕುಮ ಕಲಸಿ ಮೈತುಂಬ ಬಳಿದು, ಮೇಲೆ ವಿಭೂತಿ ಉದುರಿಸಿ, ತೀರ್ಥವನ್ನೂ ಚಿಮುಕಿಸಿದೆ. ಮಾರನೆಯ ದಿನ ಸ್ಟಾರ್ಟ್ ಮಾಡುವ ಹಗ್ಗ ಎಳೆದೂ ಎಳೆದೂ ಇವರ ಭುಜ ಬಿದ್ದುಹೋಯಿತು, ಅದು ಕೆಮ್ಮಲಿಲ್ಲ. ಗಾಳಿ ಎಳೆಯುವ ಜಾಲರಿಯ ತುಂಬ ನನ್ನ ಕುಂಕುಮ. ರಿಪೇರಿಯವನು ಬಿಚ್ಚಿ ನೋಡಿ, "ಏನಕ್ಕ, ಮಿಷನ್ನಿಗೆ ಮುತ್ತೈದೆತನ ಕೊಟ್ಟುಬುಟ್ಟಿದ್ದೀರಿ" ಎಂದ. ಈಗಲೂ ನೆನೆದರೆ ನಗು ಬರುತ್ತದೆ. ನಾವು ನಕ್ಕ ಕೊನೆಯ ಆಯುಧಪೂಜೆ ಅದೇ ಇರಬೇಕು.

ಕೆಲಸ ಚೆನ್ನಾಗಿಯೇ ನಡೆಯಿತು ಅನ್ನಿ. ಕೆ.ಆರ್.ಎಸ್. ಕಡೆ ಮನೆಗಳ ಮೇಲೆ ಬಾಗಿದ ಮಾವು, ಶ್ರೀರಂಗಪಟ್ಟಣದ ಹಿತ್ತಿಲುಗಳ ತೆಂಗು, ಪಾಂಡವಪುರದಲ್ಲಿ ಹಲಸು. ಆದರೆ ಈ ಕಸುಬಿನಲ್ಲಿ ಒಂದು ಕಷ್ಟ ಉಂಟು, ಹೊರಗಿನವರಿಗೆ ಅದು ಹೊಳೆಯುವುದಿಲ್ಲ. ಚೆನ್ನಾಗಿ ಸವರಿದ ಮರ ವರ್ಷಗಟ್ಟಲೆ ನಮ್ಮನ್ನು ಕರೆಯುವುದಿಲ್ಲ. ನಾನು ಹೊಲಿದ ರವಿಕೆಯಾದರೂ ಹರಿಯುತ್ತದೆ, ತೊಟ್ಟವರು ದಪ್ಪವಾಗುತ್ತಾರೆ, ಮತ್ತೆ ಬರುತ್ತಾರೆ. ಮರ ಹಾಗಲ್ಲ. ಕರೆದವರೂ ಬರಬರುತ್ತಾ ಒಂದೇ ಮಾತು ಹೇಳತೊಡಗಿದರು. ಎಲೆ ಉದುರುತ್ತೆ, ಕಾರು ನಿಲ್ಲಿಸೋಕೆ ಜಾಗ ಬೇಕು, ಬುಡಕ್ಕೇ ಹಾಕ್ಬುಡಿ. ಇವರು ಹಗ್ಗ ಸುತ್ತಿಕೊಂಡು ವಾಪಸು ಬರುವರು. ಇವರು ಬಂದ ದಾರಿಯಲ್ಲೇ ಇನ್ನೊಬ್ಬ ಹೋಗಿ ಕಡಿದು ಬರುವನು.

ಅಷ್ಟರಲ್ಲಿ ಇವರ ಬೆರಳು ಕೈಕೊಟ್ಟವು. ಮಿಷನ್ನಿನ ನಡುಕ ವರ್ಷಗಳ ಕಾಲ ಕೈಗೆ ಇಳಿದು ಇಳಿದು, ಚಳಿಯ ಬೆಳಿಗ್ಗೆ ಬೆರಳೆಲ್ಲ ಸುಣ್ಣದ ಹಾಗೆ ಬೆಳ್ಳಗಾಗುತ್ತಿದ್ದವು. ಆಮೇಲೆ ಜೋಮು ಬಿಡುವುದೇ ನಿಂತಿತು. ಅಂಗಿಯ ಗುಂಡಿ ಹಾಕಲು ನನ್ನನ್ನು ಕರೆಯುವರು. ಬಿಸಿ ಲೋಟ ಹಿಡಿದು ಸುಟ್ಟುಕೊಂಡರೂ ತಿಳಿಯದು. ಮೈಸೂರಿನ ಡಾಕ್ಟರು, "ಈ ಕೈಯಲ್ಲಿ ಹಗ್ಗ ಹಿಡಿದು ಮೇಲೆ ಹೋದರೆ ಒಂದು ದಿನ ಕೆಳಗೆ ಬೀಳ್ತೀರಿ" ಎಂದು ಹೇಳಿ ಕಳಿಸಿದರು. ಬಸ್ಸಿನಲ್ಲಿ ಇವರು ಕಿಟಕಿಯಾಚೆ ಓಡುವ ಮರಗಳನ್ನೇ ನೋಡುತ್ತಿದ್ದರು.

ಆಗ ಬಂದವನು ನನ್ನ ತಮ್ಮ ನಾಗೇಶ. ಊರಲ್ಲಿ ಟ್ರಾಕ್ಟರು ಓಡಿಸುತ್ತಿದ್ದವನು, ಭಾವನ ಕೆಲಸಕ್ಕೆ ಕೈಜೋಡಿಸಲು ಬಂದ. ನಮ್ಮ ಮುಂದೆ ಎರಡು ದಾರಿ ಇದ್ದವು. ಒಂದು, ಬೀದಿದೀಪ ಹಾಕುವವರ ಬಳಿ ಇರುತ್ತದಲ್ಲ, ಆಳನ್ನು ಬುಟ್ಟಿಯಲ್ಲಿ ನಿಲ್ಲಿಸಿ ಮೇಲಕ್ಕೆ ಎತ್ತುವ ಗಾಡಿ, ಅಂಥದ್ದೊಂದನ್ನು ಹೊಂದಿಸಿಕೊಳ್ಳುವುದು. ಹಗ್ಗ ಹಿಡಿಯಬೇಕಿಲ್ಲ, ಬುಟ್ಟಿಯಲ್ಲಿ ನಿಂತು ಸವರಬಹುದು. ಇನ್ನೊಂದು, ಅಂಗಡಿಯವನು ಅಂದೇ ತೋರಿಸಿದ್ದ ದೊಡ್ಡ ಗರಗಸ. ಅದರ ಹಿಡಿಗೆ ರಬ್ಬರು ಇದೆ, ನಡುಕ ಕಡಿಮೆ, ನೆಲದ ಮೇಲೆ ನಿಂತೇ ಕೆಲಸ. ಆದರೆ ನೆಲದ ಮೇಲೆ ನಿಂತು ಮರಕ್ಕೆ ಮಾಡಬಹುದಾದ ಕೆಲಸ ಒಂದೇ. ಮೊದಲು ಬುಟ್ಟಿ ಗಾಡಿಯನ್ನೇ ಒಂದು ದಿನದ ಮಟ್ಟಿಗೆ ಬಾಡಿಗೆಗೆ ತಂದು ನೋಡೋಣ ಎಂದು ನಾನು ಹೇಳಿದೆ. ನಾಗೇಶ ಕೆ.ಆರ್.ಪೇಟೆಯಲ್ಲಿ ಒಬ್ಬರನ್ನು ಹಿಡಿದು ಗಾಡಿ ತಂದ.

ಪಾಂಡವಪುರದ ಹತ್ತಿರ ಒಂದು ತೋಟದ ಮನೆ. ಮನೆಯ ಮೇಲೆ ಬಾಗಿದ ಹಳೆಯ ಹಲಸಿನ ಮರ, ಪಕ್ಕದಲ್ಲೇ ಕಬ್ಬಿನ ಗದ್ದೆ. ಹಿಂದಿನ ಸಂಜೆ ಇವರು ಎಲೆ ಅಡಿಕೆ ಇಟ್ಟು ಬಂದಿದ್ದರು. ನಾನೂ ಅವತ್ತು ಜೊತೆಗೆ ಹೋದೆ, ನನ್ನ ಗಂಡ ಬುಟ್ಟಿಯಲ್ಲಿ ಮೇಲಕ್ಕೆ ಹೋಗುವುದನ್ನು ನೋಡಬೇಕಿತ್ತು. ಗಾಡಿ ತನ್ನ ನಾಲ್ಕು ಕಬ್ಬಿಣದ ಕಾಲುಗಳನ್ನು ನೆಲಕ್ಕೆ ಊರಿತು. ಇವರು ಬುಟ್ಟಿಯಲ್ಲಿ ನಿಂತು ಮೇಲೇರಿದರು, ಒಂದು ಕೊಂಬೆ ಸವರಿದರು, ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಗಾಡಿಯ ಒಂದು ಕಾಲು ಕುಸಿಯಿತು. ನಾಲೆಗೆ ನೀರು ಬಿಟ್ಟಿದ್ದರು. ಮೇಲೆ ಒಣಗಿದಂತೆ ಕಂಡ ನೆಲದ ಅಡಿಯೆಲ್ಲ ರಾಡಿ. ಬುಟ್ಟಿ ವಾಲಿ ಮರಕ್ಕೆ ಒರಗಿಕೊಂಡಿತು, ಮರವೇ ಹಿಡಿದುಕೊಂಡಿತು ಎನ್ನಬೇಕು. ಇವರನ್ನು ಏಣಿ ಹಾಕಿ ಇಳಿಸಿದರು. ಗಾಡಿಯವನು ಬಾಯಿಗೆ ಬಂದಂತೆ ಬೈದು, ಇನ್ನು ನಮ್ಮ ಕಡೆಗೆ ಗಾಡಿ ಕಳಿಸುವುದಿಲ್ಲ ಎಂದ. ನಾಗೇಶನೂ ನಾನೂ ಒಣಭೂಮಿಯವರು. ನೆಲ ಎಂದರೆ ಗಟ್ಟಿಯಾಗಿಯೇ ಇರುತ್ತದೆ ಎಂದು ನಂಬಿ ಬೆಳೆದವರು. ನಮಗೆ ಹೊಳೆಯದಿದ್ದದ್ದು ಸರಿ. ಆದರೆ ಇವರು?

ಮನೆಗೆ ಬಂದಮೇಲೆ ಕೇಳಿದೆ. "ನೀವು ನಾಲೆ ಬಯಲಲ್ಲೇ ಉಟ್ಟಿ ಬೆಳ್ದೋರು. ನೀರ್ ಬುಟ್ಟವ್ರೆ, ನೆಲ ತಡ್ಯಾಕಿಲ್ಲ ಅಂತ ಗೊತ್ತಿರ್ನಿಲ್ವ?"

ಇವರು ಅಂಗೈ ನೋಡಿಕೊಂಡರು. "ಗೊತ್ತಿತ್ತು ಕಣಮ್ಮಿ. ವಾರ ತಡೀರಿ ಅಂದಿದ್ರೆ ಗಾಡಿ ಸಿಕ್ತಿರ್ಲಿಲ್ಲ. ಇನ್ನೊಂದೇ ಒಂದ್ಸಲ ಮ್ಯಾಕ್ ಓಗಿ ಬರಾನ ಅನ್ನಿಸ್ತು."

ಗಂಡಸರು ಅಳುವುದು ನನಗೆ ನೋಡಲಾಗುವುದಿಲ್ಲ. ನಾನು ಎದ್ದು ಒಲೆಯ ಕಡೆ ಹೋದೆ.

ಆಮೇಲೆ ಬಂದದ್ದು ದೊಡ್ಡ ಗರಗಸ. ಅದನ್ನು ಆರಿಸಲು ನಾನು ಹೋಗಲಿಲ್ಲ. ಆಟೋದ ಹಿಂದಿನ ಅಕ್ಷರ ಮೊದಲು "ಒಣಮರ ಮಾತ್ರ ಕಡಿಯಲಾಗುವುದು" ಎಂದಾಯಿತು. ನಂತರ ಅದೂ ಅಳಿಸಿಹೋಗಿ ಬರೀ ಫೋನ್ ನಂಬರು ಉಳಿಯಿತು. ನಾಗಮಂಗಲದ ರಸ್ತೆಬದಿಯ ಹುಣಸೆ, ಕೆ.ಆರ್.ಪೇಟೆ ಕಡೆಯ ಗೋಣಿಮರ, ಯಾರದೋ ಸೈಟಿನ ಬೇವು. ಫೋನು ಬಡಿದರೆ ಬೆಳಿಗ್ಗೆ ಹೊರಟು ಮಧ್ಯಾಹ್ನಕ್ಕೆ ವಾಪಸು. ಒಂದು ಸಲ ಇವರು ಹಿಂದಿನ ಸಂಜೆ ಹೋಗಿ ಬರಬೇಕು ಎಂದಾಗ ನಾಗೇಶ ತಲೆ ಕೆರೆದುಕೊಂಡ. "ಭಾವ, ಅವ್ರು ಈಗ್ಲೇ ಬಾ ಅಂತವ್ರೆ. ಸಂಜೆಗಂಟ ಕಾದ್ರೆ ಬೇರೆಯೋರ್ಗೆ ಏಳ್ತಾರೆ. ಮರಕ್ಕೇನ್ ಕಿವಿ ಐತಾ ಬುಡಿ." ಅವನದು ಕೆಟ್ಟ ಮಾತಲ್ಲ, ಕೆಲಸ ಮಾಡಿ ಬದುಕುವವನ ಮಾತು. ಇವರು ಗರಗಸ ಎತ್ತಿ ಆಟೋಗೆ ಹಾಕಿದರು. ಅಂದಿನಿಂದ ಎಲೆ ಅಡಿಕೆ ನಿಂತಿತು. ಬೇಡ ಎಂದು ನಾನಾದರೂ ಏನು ಹೇಳಲಿ? ಅನ್ನ ಬೇಯುವುದೂ ಅದರಿಂದಲೇ.

ದಿನವೆಲ್ಲ ಇದನ್ನೇ ನೆನೆಯುತ್ತಾ ಕೂತಿದ್ದೆ. ಪ್ಯಾಂಟು ಬಿಚ್ಚಲಿಲ್ಲ. ಈ ಹೊಂಗೆಯ ನೆರಳಿನಲ್ಲೇ ನಾನು ಇಷ್ಟು ವರ್ಷ ಮಿಷನ್ನು ತುಳಿದದ್ದು. ಅದರ ಹೂವು ಎಷ್ಟು ಜನರ ರವಿಕೆಯೊಳಗೆ ಸೇರಿ ಹೋಗಿದೆಯೋ. ಇಳಿಹೊತ್ತಿಗೆ ಎದ್ದು ಅಡುಗೆಮನೆಯಿಂದ ಎರಡು ವೀಳ್ಯದೆಲೆ, ಒಂದು ಅಡಿಕೆ ತೆಗೆದುಕೊಂಡೆ. ಕೊಡಲಿ ಹುಡುಕಲಿಲ್ಲ, ಬಟ್ಟೆ ಕತ್ತರಿಯ ಹಿಡಿಯಿಂದಲೇ ಕಾಂಡಕ್ಕೆ ತಟ್ಟಿದೆ. ನಾನು ಯಾವತ್ತೂ ಮಾಡಿದ ಕೆಲಸವಲ್ಲ. ಯಾರಾದರೂ ನೋಡಿಯಾರು ಎಂದು ನಾಚಿಕೆಯಾಗಿ, ಸಣ್ಣ ದನಿಯಲ್ಲಿ ಹೇಳಿದೆ.

"ಇಲ್ಲಿ ಇರೋರು ಬೇರೆ ಕಡೀಕೆ ಓಗ್ಬುಡ್ರಪ್ಪ. ನಾಳೆ ಬತ್ತೀವಿ."

ಮರದ ಆ ಬದಿಯಿಂದ ದನಿ ಬಂತು. "ಎಲ್ಲಿಗ್ ಓಗಾದು ಅಮ್ಮಿ?"

ಬೆಚ್ಚಿಬಿದ್ದೆ. ಸುತ್ತಿ ಹೋಗಿ ನೋಡಿದರೆ, ಬುಡಕ್ಕೆ ಬೆನ್ನು ಕೊಟ್ಟು, ಕಾಲು ಚಾಚಿ ಇವರು ಕೂತಿದ್ದಾರೆ. ಯಾವಾಗಿನಿಂದ ಕೂತಿದ್ದರೋ. ತಮಾಷೆಗೆ ಕೇಳಿದ ಮಾತಲ್ಲ ಅದು. ನಿಜವಾಗಿ ಗೊತ್ತಿಲ್ಲದೆ ಕೇಳಿದ ಹಾಗಿತ್ತು. ಪಕ್ಕದಲ್ಲಿ ಕೂತೆ. ಹೆದ್ದಾರಿಯ ಲಾರಿಗಳು ಒಂದರ ಹಿಂದೆ ಒಂದು ಹೋದವು. ಕೈಯಲ್ಲಿದ್ದ ಎಲೆ ಅಡಿಕೆಯನ್ನು ಇವರ ಕೈಗೇ ಇಟ್ಟೆ. ಜೋಮು ಹಿಡಿದ ಬೆರಳು ಮಡಿಸಿ ಹಿಡಿದುಕೊಂಡರು.

ಎಲೆ ಬೆರಳ ಸಂದಿನಿಂದ ಜಾರಿ ಬುಡಕ್ಕೆ ಬಿತ್ತು, ಅದರ ಹಿಂದೆಯೇ ಅಡಿಕೆ. ಇವರು ಮಾತ್ರ ಮುಷ್ಟಿ ಬಿಡಲಿಲ್ಲ. ಬಿದ್ದದ್ದು ಇವರಿಗೆ ತಿಳಿದಿರಲೇ ಇಲ್ಲ.